ಹೆಸರಿನ ಹೊಲದಲ್ಲಿ ಹೆಂಟೆಯ ಮಗ್ಗುಲಿಗೆ ಗೂಡು: ಇದು ಗುಬ್ಬಿಯೋ, ನೆಲಗುಬ್ಬಿಯೋ?

ಎರೆಹೊಲ
ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ ಜಿಲ್ಲೆ, ಎರೆ ಭೂಮಿ. ಈ ಮುಂಗಾರಿಗೆ ಹೆಸರು ಬಿತ್ತಿದ್ದೇವೆ. ನಿನ್ನೆ ಎಡೆ ಹೊಡೆಯುವಾಗ ಎತ್ತಿನ ಕಾಲಬುಡದಿಂದ ಒಂದು ಪುಟ್ಟ ಹಕ್ಕಿ ಪುರ್ರನೆ ಎದ್ದು ನಾಲ್ಕು ಮಾರು ಆಚೆ ಕುಳಿತಿತು. ಎತ್ತು ನಿಲ್ಲಿಸಿ ಹುಡುಕಿದರೆ, ಒಂದು ಹೆಂಟೆಯ ಮಗ್ಗುಲಿನಲ್ಲಿ, ದನದ ಗೊರಸು ಊರಿದಷ್ಟು ತಗ್ಗಿನೊಳಗೆ, ಹುಲ್ಲು ಮತ್ತು ನಾರುಬೇರು ಹಾಸಿದ ಗೂಡು. ಎರಡು ಮೊಟ್ಟೆ. ಬೂದುಬಿಳುಪು, ಮೇಲೆ ಕಂದು ಚುಕ್ಕೆ. ಗೂಡಿನ ಒಂದು ಅಂಚಿಗೆ ಸಣ್ಣ ಸಣ್ಣ ಮಣ್ಣುಂಡೆಗಳನ್ನು ಯಾರೋ ಜೋಡಿಸಿಟ್ಟ ಹಾಗಿತ್ತು.

ತಂದೆಯವರನ್ನು ಕೇಳಿದರೆ "ಗುಬ್ಬಿ ಇರಬೇಕು, ಮುಂದೆ ನಡೆ" ಎಂದರು. ಆದರೆ ಗುಬ್ಬಿ ಹೊಲದ ನಡುವೆ ನೆಲದಲ್ಲಿ ಮೊಟ್ಟೆ ಇಡುವುದನ್ನು ನಾನು ಕಂಡಿಲ್ಲ. ಆ ಸಾಲನ್ನು ಬಿಟ್ಟು ಬಂದಿದ್ದೇನೆ. ಇದು ಯಾವ ಹಕ್ಕಿ? ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ದಿನ ಬಿಡಬೇಕು? ಇಪ್ಪತ್ತು ವರ್ಷದಿಂದ ಎಡೆ ಹೊಡೆಯುತ್ತಿದ್ದೇನೆ. ನೋಡದೆ ಇಂಥವು ಎಷ್ಟು ಗೂಡು ಕುಂಟೆಗೆ ಸಿಕ್ಕಿವೆಯೋ ಎಂದು ರಾತ್ರಿ ನಿದ್ದೆ ಬರಲಿಲ್ಲ.

ಮಲೆನಾಡಿಗ
ಹೆಣ್ಣು ಗುಬ್ಬಿಯೇ ಇರಬೇಕು. ಮನೆಗಳಿಗೆಲ್ಲ ತಾರಸಿ ಬಂದ ಮೇಲೆ ಜಾಗ ಸಿಗದೆ ಹೊಲಕ್ಕೆ ಹೋಗಿವೆ.

ಬಯಲಕ್ಕಿ
ಇಲ್ಲ ಸರ್. ಗುಬ್ಬಿ ಗೋಡೆಯ ಸಂದು, ಸೂರು, ಪೊಟರೆ ಹುಡುಕುತ್ತದೆಯೇ ಹೊರತು ನೆಲಕ್ಕೆ ಇಳಿದು ಗೂಡು ಕಟ್ಟುವುದಿಲ್ಲ.

ಎರೆಹೊಲ ಅವರೇ, ಮೂರು ಸಂಗತಿ ನೋಡಿ ಹೇಳಿ. ಹಕ್ಕಿ ನೆಲದ ಮೇಲೆ ಕುಪ್ಪಳಿಸುತ್ತದೋ, ಕಾಲು ಹಾಕಿ ನಡೆಯುತ್ತದೋ? ನಿಂತಾಗ ಬಾಲ ಅಲ್ಲಾಡಿಸುತ್ತದೋ? ಜೊತೆಗೆ ಇನ್ನೊಂದು ಹಕ್ಕಿ ಇದ್ದರೆ ಅದರ ಹೊಟ್ಟೆಯ ಬಣ್ಣ ಯಾವುದು? ಗೂಡಿನ ಹತ್ತಿರ ಹೋಗಬೇಡಿ, ಬದುವಿನ ಮೇಲೆ ಕುಳಿತು ನೋಡಿದರೆ ಸಾಕು.

ಕ್ಯಾಮೆರಾ ಕಣ್ಣು
ಹೊಲ, ಕಂದು ಬಣ್ಣ, ನೆಲದ ಗೂಡು ಎಂದರೆ ಪಿಪಿಟ್ ಎಂಬ ಸಣ್ಣ ಹಕ್ಕಿ ಇರಬಹುದು. ನನ್ನ ಅನುಭವದಲ್ಲಿ ಹತ್ತರಲ್ಲಿ ಆರು ಸಲ ಅದೇ. ಊರಿನ ಹೆಸರು ಹೇಳಿದರೆ ಭಾನುವಾರ ಬಂದು ಫೋಟೊ ತೆಗೆಯುತ್ತೇನೆ, ಆಗ ಖಚಿತವಾಗುತ್ತದೆ.

ಬಯಲಕ್ಕಿ
ಊರಿನ ಹೆಸರು ದಯವಿಟ್ಟು ಯಾರೂ ಹಾಕಬೇಡಿ. ಗೂಡಿನ ಮುಂದೆ ನಾಲ್ಕು ಜನ ಮಂಡಿಯೂರಿ ಕುಳಿತರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಕಾಗೆಗೆ ದಾರಿ ತೋರಿಸಿದಂತೆಯೂ ಆಗುತ್ತದೆ. ನಿಮ್ಮ ಚಿತ್ರಗಳ ಬಗ್ಗೆ ನನಗೆ ಗೌರವವಿದೆ, ಗೂಡಿನ ಚಿತ್ರ ಮಾತ್ರ ಬೇಡ.

ಕ್ಯಾಮೆರಾ ಕಣ್ಣು
ಒಪ್ಪಿದೆ. ಗೂಡು ಎಂಬುದನ್ನು ಮರೆತು ಬರೆದೆ. ಪಿಪಿಟ್ ಎಂಬ ಮಾತಿಗೆ ಮಾತ್ರ ಇನ್ನೂ ಬದ್ಧ.

ಎರೆಹೊಲ
ಈಗಷ್ಟೇ ಹೊಲದಿಂದ ಬಂದೆ. ಬದುವಿನ ಮೇಲೆ ಒಂದು ತಾಸು ಕುಳಿತಿದ್ದೆ. ಕುಪ್ಪಳಿಸುವುದಿಲ್ಲ. ಸಣ್ಣ ಕಾಲಿನಲ್ಲಿ ಅಂಕುಡೊಂಕಾಗಿ ಓಡಾಡುತ್ತದೆ, ಇಲಿ ಓಡಿದ ಹಾಗೆ. ಬಾಲ ಅಲ್ಲಾಡಿಸಲಿಲ್ಲ. ಕೊಕ್ಕು ಕಾಳು ತಿನ್ನುವ ಹಕ್ಕಿಯದರಂತೆ ಗಿಡ್ಡ, ದಪ್ಪ. ಗೂಡಿನ ಮೇಲೆ ಕುಳಿತದ್ದು ಮಣ್ಣಿನ ಬಣ್ಣದ್ದು. ಇನ್ನೊಂದರ ನೆತ್ತಿ ಬೂದಿ ಬಳಿದಂತೆ, ಕೆನ್ನೆ ಬೆಳ್ಳಗೆ, ಕಣ್ಣಿನ ಮೇಲೆ ಕಪ್ಪು ಪಟ್ಟಿ, ಗದ್ದದಿಂದ ಹೊಟ್ಟೆಯವರೆಗೆ ಕಪ್ಪೋ ಕಪ್ಪು.

ಅದು ಮಾಡಿದ ಆಟವನ್ನು ಹೇಳಲೇಬೇಕು. ರೆಕ್ಕೆ ಬಡಿಯುತ್ತ ಬೇವಿನ ಮರದ ಎರಡರಷ್ಟು ಎತ್ತರ ಹೋಯಿತು. ಆಮೇಲೆ ರೆಕ್ಕೆ ಮಡಚಿ ಕಲ್ಲು ಬಿದ್ದ ಹಾಗೆ ತಲೆಕೆಳಗಾಗಿ ಬಿತ್ತು. ಸತ್ತೇ ಹೋಯಿತು ಎಂದುಕೊಂಡೆ. ಅರ್ಧ ದಾರಿಯಲ್ಲಿ ಮತ್ತೆ ಮೇಲೆದ್ದು, ಮತ್ತೆ ಬಿದ್ದು, ಮೆಟ್ಟಿಲು ಇಳಿದಂತೆ ಇಳಿಯಿತು. ಪ್ರತಿ ಸಲ ಬೀಳುವಾಗಲೂ ಉದ್ದನೆಯ ಒಂದು ಸಿಳ್ಳೆ. ಕೊನೆಗೆ ಒಂದು ಹೆಂಟೆಯ ತುದಿಗೆ ಬಂದು ಕುಳಿತಿತು. ಎಷ್ಟೋ ವರ್ಷಗಳಿಂದ ಆ ಸಿಳ್ಳೆ ಕೇಳುತ್ತಿದ್ದೇನೆ, ಯಾರ ಕೊರಳು ಎಂದು ತಲೆಯೆತ್ತಿ ನೋಡಿರಲಿಲ್ಲ.

ಬಯಲಕ್ಕಿ
ಇನ್ನು ಅನುಮಾನವೇ ಬೇಡ. ನಿಮ್ಮದು ಬೂದುನೆತ್ತಿಯ ನೆಲಗುಬ್ಬಿ, ವಿಜ್ಞಾನದಲ್ಲಿ ಎರೆಮೊಪ್ಟೆರಿಕ್ಸ್ ಗ್ರೈಸಿಯಸ್. ಲಾರ್ಕ್ ಎಂಬ, ನೆಲದಲ್ಲಿ ಗೂಡು ಕಟ್ಟುವ ಹಾಡುಹಕ್ಕಿಗಳ ಕುಟುಂಬದ್ದು. ಆ ಮೆಟ್ಟಿಲಿಳಿತವೇ ಅದರ ಸಹಿ. ಮರದ ಮೇಲೆ ಇದನ್ನು ಹುಡುಕಿ ಪ್ರಯೋಜನವಿಲ್ಲ, ನೆಲವೇ ಮನೆ. ಗೂಡಿನಂಚಿನ ಮಣ್ಣುಂಡೆಗಳನ್ನೂ ಯಾರೂ ಬೇರೆಯವರು ಜೋಡಿಸಿದ್ದಲ್ಲ, ಅದೇ ತಂದಿಟ್ಟದ್ದು.

ಗೂಡಿನ ಸುತ್ತ ಎರಡು ಮಾರು ಬಿಟ್ಟರೆ ಚೆನ್ನ. ಇವತ್ತಿನಿಂದ ಲೆಕ್ಕ ಹಾಕಿದರೆ ಮೂರು ವಾರ, ಹೆಚ್ಚೆಂದರೆ ನಾಲ್ಕು. ಮರೆಯದಿರಲಿ ಎಂದು ಕೋಲು ನೆಟ್ಟು ಬಟ್ಟೆ ಕಟ್ಟಬೇಡಿ, ಕಾಗೆ ಬಂದು ಅದೇ ಕೋಲಿನ ಮೇಲೆ ಕೂರುತ್ತದೆ. ಸಾಲಿನ ಎರಡೂ ತುದಿಗೆ, ಬದುವಿನಲ್ಲಿ ಕಲ್ಲಿಟ್ಟು ಗುರುತು ಮಾಡಿಕೊಳ್ಳಿ.

ಕ್ಯಾಮೆರಾ ಕಣ್ಣು
ಕಪ್ಪು ಹೊಟ್ಟೆ ಎಂದ ಮೇಲೆ ಪಿಪಿಟ್ ಎನ್ನುವ ಮಾತು ಬಿಟ್ಟೆ. ಆದರೆ ನನಗೊಂದು ತಕರಾರಿದೆ. ಲಾರ್ಕ್ ಕುಟುಂಬದ ಗುರುತು ಹಿಂಬೆರಳಿನ ಉದ್ದನೆಯ ಉಗುರು ಎಂದು ಓದಿದ್ದೇನೆ. ನನ್ನ ಚಿತ್ರಗಳಲ್ಲಿ ಈ ಹಕ್ಕಿಯ ಉಗುರು ಅಷ್ಟೇನೂ ಉದ್ದ ಕಾಣುವುದಿಲ್ಲ. ಪಿಪಿಟ್‌ಗೂ ಉದ್ದ ಉಗುರಿದೆ. ಹಾಗಾದರೆ ಕುಟುಂಬವನ್ನು ಹೇಗೆ ಬೇರ್ಪಡಿಸುತ್ತಾರೆ?

ಪಾಠದ ಕೋಣೆ
ಒಳ್ಳೆಯ ತಕರಾರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಉದ್ದನೆಯ ನೇರ ಹಿಂದುಗುರು ಅನೇಕ ಲಾರ್ಕ್‌ಗಳಲ್ಲಿದೆ, ಎಲ್ಲದರಲ್ಲೂ ಇಲ್ಲ. ಹುಲ್ಲು, ಮೆದುಮಣ್ಣಿನಲ್ಲಿ ನಡೆಯುವವಕ್ಕೆ ಉದ್ದ. ಕಲ್ಲುನೆಲದ ಮರಳುಗಾಡಿನ ಲಾರ್ಕ್‌ಗೆ ಗಿಡ್ಡ. ಉಗುರು ಬದುಕಿನ ರೀತಿಯನ್ನು ಹೇಳುತ್ತದೆ, ವಂಶವನ್ನಲ್ಲ. ಕುಟುಂಬದ ನಿಜವಾದ ಗುರುತು ಇರುವುದು ಕಾಲಿನ ಹಿಂಬದಿಯಲ್ಲಿ. ಮಿಕ್ಕ ಹಾಡುಹಕ್ಕಿಗಳ ಕಾಲಿನ ಹಿಂಬದಿ ಚೂಪಾದ ಏಣಿನಂತೆ, ನುಣುಪಾಗಿರುತ್ತದೆ. ಲಾರ್ಕ್‌ಗಳಲ್ಲಿ ಅದು ದುಂಡಗಿದ್ದು, ಅಲ್ಲಿಯೂ ಹುರುಪೆ ಹುರುಪೆಯಾಗಿ ಹೊದಿಕೆಯಿದೆ. ಇನ್ನೊಂದು ಗುರುತು ಹಾಡುವ ಅಂಗದಲ್ಲೇ ಇದೆ. ಶ್ವಾಸನಾಳ ಎರಡಾಗಿ ಒಡೆಯುವ ಕಡೆ ಇತರ ಹಾಡುಹಕ್ಕಿಗಳಿಗೆ ಒಂದು ಪುಟ್ಟ ಎಲುಬಿನ ಅಡ್ಡಪಟ್ಟಿ ಇರುತ್ತದೆ, ಲಾರ್ಕ್‌ಗಳಿಗೆ ಇಲ್ಲ. ಇವೆರಡು ಕಾರಣಕ್ಕೆ ಹಿಂದಿನವರು ಇವನ್ನು ಹಾಡುಹಕ್ಕಿಗಳ ಸಾಲಿನ ಆರಂಭದಲ್ಲಿ, ಒಂಟಿಯಾಗಿ ಕೂರಿಸಿದ್ದರು.

ವಂಶವಾಹಿ ಪರೀಕ್ಷೆ ಬಂದ ಮೇಲೆ ಆ ಎಣಿಕೆ ಬುಡಮೇಲಾಯಿತು. ನೋಡಲು ಅವಳಿಯಂತಿರುವ ಪಿಪಿಟ್, ಸಿಪಿಲೆಗಳ ಬಂಧು. ಲಾರ್ಕ್ ಬೇರೆಯೇ ಗುಂಪು: ಪಿಕಳಾರ, ಅಂಬರಗುಬ್ಬಿ, ಉಲಿಯಕ್ಕಿಗಳ ಬಳಗ. ಎಲ್ಲಕ್ಕಿಂತ ಹತ್ತಿರದ ನೆಂಟ ಯೂರೋಪ್ ಮತ್ತು ಏಷ್ಯಾದ ಜೊಂಡುಗಾವಲಿನಲ್ಲಿ ಬದುಕುವ ಮೀಸೆಯ ಪುಟ್ಟ ಹಕ್ಕಿ, ಬಿಯರ್ಡೆಡ್ ರೀಡ್ಲಿಂಗ್. ಒಣಬಯಲಿನ ಹಕ್ಕಿಗೆ ನೀರಿನ ಜೊಂಡಿನ ಹಕ್ಕಿ ಅಣ್ಣತಮ್ಮ! ಹೀಗಾಗಿ ನಿಮ್ಮ ನೆಲಗುಬ್ಬಿ ಗುಬ್ಬಿಗಿಂತ ಪಿಕಳಾರಕ್ಕೇ ಹತ್ತಿರ.

ಜಗತ್ತಿನಲ್ಲಿ ಸುಮಾರು 100 ಪ್ರಭೇದಗಳಿವೆ, ಬಹುಪಾಲು ಆಫ್ರಿಕಾದಲ್ಲಿ. ಅಮೆರಿಕ ಖಂಡಗಳಿಗೆ ತಾನಾಗಿ ತಲುಪಿದ್ದು ಒಂದೇ, ಕೊಂಬಿನಂಥ ಗರಿಯ ಲಾರ್ಕ್. ಆಸ್ಟ್ರೇಲಿಯಾದ ಸ್ವಂತ ಲಾರ್ಕ್ ಕೂಡ ಒಂದೇ. ಅಮೆರಿಕದ ಮೆಡೋಲಾರ್ಕ್, ಆಸ್ಟ್ರೇಲಿಯಾದ ಮ್ಯಾಗ್‌ಪೈ ಲಾರ್ಕ್ ಹೆಸರಿಗೆ ಮಾತ್ರ ಲಾರ್ಕ್.

ಮಲೆನಾಡಿಗ
ಮೇಡಂ, ತಿದ್ದಿದ್ದಕ್ಕೆ ಧನ್ಯವಾದ. ಆದರೆ ಗುಬ್ಬಿಯ ಬಂಧುವಲ್ಲದ್ದಕ್ಕೆ ನಾವು ನೆಲಗುಬ್ಬಿ ಎನ್ನುವುದು ತಪ್ಪಲ್ಲವೇ?

ಹಳೆಯ ನುಡಿ
ತಪ್ಪೇಕೆ? ಅಂಬರಗುಬ್ಬಿಯೂ ಗುಬ್ಬಿಯಲ್ಲ. ಕನ್ನಡದಲ್ಲಿ ಗುಬ್ಬಿ ಎಂದರೆ ಅಂಗೈಯಲ್ಲಿ ಹಿಡಿಸುವ ಹಕ್ಕಿ, ಅಷ್ಟೇ. ಜನ ಹೆಸರಿಡುವುದು ಕಣ್ಣಿನಿಂದ.

ನನ್ನ ಕೊರಗು ಬೇರೆ. ಸಂಸ್ಕೃತ ನಿಘಂಟಿನಲ್ಲಿ ಭರದ್ವಾಜ ಎಂಬುದಕ್ಕೆ ಸ್ಕೈಲಾರ್ಕ್ ಎಂಬ ಅರ್ಥವೂ ಇದೆ. ಹಿಂದಿಯಲ್ಲಿ ಇಂದಿಗೂ ಈ ಹಕ್ಕಿ ಭರತ. ಆದರೆ ಮರಾಠಿಯಲ್ಲಿ ಭಾರದ್ವಾಜ ಎಂದರೆ ಕೆಂಬೂತ, ನಮ್ಮಲ್ಲೂ ಹಲವರು ಹಾಗೆಯೇ ಅನ್ನುತ್ತಾರೆ. ಹಳೆಯ ಕಾವ್ಯ ಓದುವಾಗ ಭಾರದ್ವಾಜ ಎಂದು ಕಂಡರೆ ಪೊದೆಯಲ್ಲಿ ಗುಬ್ ಗುಬ್ ಎನ್ನುವ ಕೆಂಬೂತವನ್ನು ನೆನೆಯಬೇಕೋ, ಆಕಾಶದಲ್ಲಿ ನಿಂತು ಹಾಡುವ ಹಕ್ಕಿಯನ್ನೋ? ಅರ್ಥವೇ ಬದಲಾಗಿಬಿಡುತ್ತದೆ.

ಸ್ಕೈಲಾರ್ಕ್‌ಗೆ ಬಾನಾಡಿ ಎನ್ನುವವರಿದ್ದಾರೆ. ಬಾನಾಡಿ ಎಂದರೆ ಬಾನಿನಲ್ಲಿ ಆಡುವ ಯಾವ ಹಕ್ಕಿಯೂ ಆಗುತ್ತದೆ. ನನಗೆ ನೆಲಗುಬ್ಬಿಯೇ ಇಷ್ಟ.

ಬಯಲಕ್ಕಿ
ಒಂದು ಕುಟುಂಬಕ್ಕೆ ನೆಲವೂ ಬೇಕು, ಬಾನೂ ಬೇಕು. ಬೂದುನೆತ್ತಿಗೆ ನೆಲಗುಬ್ಬಿ, ಸ್ಕೈಲಾರ್ಕ್‌ಗೆ ಬಾನಾಡಿ ಎಂದು ಹಂಚಿಕೊಂಡರೆ ಆಗದೇ? ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ನಮ್ಮ ಪೂರ್ವದ ಸ್ಕೈಲಾರ್ಕ್ ಹಾಡುವುದನ್ನು ಕೇಳಿದವರು ಬೇರೆ ಹೆಸರು ಒಪ್ಪುವುದಿಲ್ಲ. ಮೇಲೆ, ಮೇಲೆ, ಚುಕ್ಕೆಯಾಗಿ, ಆಮೇಲೆ ಚುಕ್ಕೆಯೂ ಕಾಣದೆ ಹಾಡು ಮಾತ್ರ ಸುರಿಯುತ್ತಿರುತ್ತದೆ.

ಹಳೆಯ ನುಡಿ
ಹಂಚಿಕೆ ಒಪ್ಪಿಗೆ.

ಪದವಿನ ಮನೆ
ಕರಾವಳಿಯವರನ್ನು ಮರೆಯಬೇಡಿ. ನಮ್ಮಲ್ಲಿ ಮುರಕಲ್ಲಿನ ಪದವುಗಳ, ಅಂದರೆ ಕಲ್ಲುಹಾಸಿನ ಎತ್ತರದ ಬಯಲುಗಳ ಮೇಲೆ ಜುಟ್ಟಿನ ಲಾರ್ಕ್ ಇದೆ, ಮಲಬಾರ್ ಲಾರ್ಕ್. ಪಶ್ಚಿಮ ಘಟ್ಟ ಮತ್ತು ಅದರ ಆಸುಪಾಸು ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಹಕ್ಕಿ. ಬೇಸಗೆಯಲ್ಲಿ ಪದವು ಕಾವಲಿಯ ಹಾಗೆ ಕಾದಿರುತ್ತದೆ, ಮಳೆ ಬಿದ್ದು ನಾಲ್ಕು ವಾರಕ್ಕೆ ಹುಲ್ಲು, ನೀಲಿ ಹೂ. ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಜುಟ್ಟು ನಿಮಿರಿಸಿ ಕಲ್ಲಿನ ಮೇಲೆ ನಿಂತು ಹಾಡುತ್ತದೆ. ಈಗ ನಮ್ಮ ಪದವಿನ ಅರ್ಧವನ್ನು ಕಲ್ಲು ಕೊರೆಯಲು ಕೊಟ್ಟಿದ್ದಾರೆ. ಕೇಳಿದರೆ "ಏನೂ ಬೆಳೆಯದ ಜಾಗ" ಎನ್ನುತ್ತಾರೆ.

ಕುರಿಮಂದೆ
ನಮ್ಮದು ಕುರಿ ಕಾಯುವ ಮನೆತನ, ಚಿತ್ರದುರ್ಗ ಕಡೆ. ಓದಿ ಊರು ಬಿಟ್ಟಿದ್ದೇನೆ, ಬೇಸಗೆ ರಜೆಗೆ ಇಂದಿಗೂ ಮಂದೆಯ ಜೊತೆ ಹೋಗುತ್ತೇನೆ. ಕಾವಲಿನಲ್ಲಿ, ಅಂದರೆ ದನ ಕುರಿ ಮೇಯುವ ಬಯಲಿನಲ್ಲಿ, ಒಂದು ಜುಟ್ಟಿನ ಹಕ್ಕಿ ಇದೆ. ನಸುಗೆಂಪು, ಮಲಬಾರಿನದಕ್ಕಿಂತ ಸಣ್ಣದು. ಒಂದು ಸಲ ಟಿಟ್ಟಿಭ ಕೂಗಿದ ಹಾಗಾಯಿತು ಎಂದು ತಿರುಗಿದರೆ ಟಿಟ್ಟಿಭವೇ ಇರಲಿಲ್ಲ, ಈ ಪುಟ್ಟದ್ದು ಗಾಳಿಯಲ್ಲಿ ತೇಲುತ್ತ ಅದರ ಕೂಗನ್ನು ಹಾಡಿನ ನಡುವೆ ಪೋಣಿಸುತ್ತಿತ್ತು. ಆಮೇಲೆ ಮೈನಾ, ಆಮೇಲೆ ಪಿಕಳಾರ. ನನ್ನ ಅಜ್ಜ "ಅದು ಎಲ್ಲರ ಮಾತನ್ನೂ ಕದಿಯುತ್ತದೆ, ಅದರ ಮುಂದೆ ಗುಟ್ಟು ಹೇಳಬೇಡ" ಎನ್ನುತ್ತಿದ್ದರು.

ಪಾಠದ ಕೋಣೆ
ಅಜ್ಜ ನೋಡಿದ್ದು ಸರಿಯಾಗಿದೆ. ಅದು ಸೈಕ್ಸ್ ಲಾರ್ಕ್, ದಖ್ಖನ್ ಮತ್ತು ಮಧ್ಯ ಭಾರತದ ಒಣಬಯಲಿನದು. 1832ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ವಿಜ್ಞಾನಕ್ಕೆ ಪರಿಚಯಿಸಿದ ಹಕ್ಕಿ. ಅದೂ, ಕೆಂಬಾಲದ ನೆಲಗುಬ್ಬಿಯೂ ಒಳ್ಳೆಯ ಅನುಕರಣಕಾರರು. ಈ ವಂಶದ ಜುಟ್ಟಿನ ಲಾರ್ಕ್ ಒಂದು ಜರ್ಮನಿಯಲ್ಲಿ ಕುರುಬನೊಬ್ಬ ನಾಯಿಗಳಿಗೆ ಹಾಕುವ ಸಿಳ್ಳೆಗಳನ್ನು ಕಲಿತು, ಆ ನಾಯಿಗಳು ಹಕ್ಕಿಯ ಸಿಳ್ಳೆಗೂ ಓಡಿದ್ದನ್ನು ದಾಖಲಿಸಿದ್ದಾರೆ.

ಹಾಡಿಗೆ ಇನ್ನೂ ಒಂದು ಕೆಲಸವಿದೆ. ಯೂರೋಪಿನ ಸ್ಕೈಲಾರ್ಕನ್ನು ಮರ್ಲಿನ್ ಎಂಬ ಸಣ್ಣ ಚಾಣ ಅಟ್ಟಿಸಿಕೊಂಡು ಬಂದಾಗ ಕೆಲವು ಲಾರ್ಕ್‌ಗಳು ಓಡುತ್ತಲೇ ಹಾಡುತ್ತವೆ. ಜೋರಾಗಿ ಹಾಡುವುದನ್ನು ಹಿಡಿಯಲಾಗದೆಂದು ಚಾಣ ಬೇಗ ಬಿಟ್ಟುಬಿಡುತ್ತದೆ. ಪ್ರಾಣ ಹೋಗುವ ಹೊತ್ತಿನಲ್ಲಿ ಹಾಡಲು ಉಸಿರು ಉಳಿದಿದೆ ಎಂದರೆ ರೆಕ್ಕೆಯಲ್ಲಿ ಬಲವೂ ಉಳಿದಿದೆ ಎಂದರ್ಥ.

ಕುರಿಮಂದೆ
ಈ ನಾಯಿಯ ಕಥೆಯನ್ನು ಕೇಳಲು ಅಜ್ಜ ಇರಬೇಕಿತ್ತು.

ದೋಹಾದಿಂದ
ಹತ್ತು ವರ್ಷದಿಂದ ಕತಾರ್‌ನಲ್ಲಿದ್ದೇನೆ, ಊರು ಬಳ್ಳಾರಿ. ಇಲ್ಲಿ ರಸ್ತೆ ವೃತ್ತದ ಹುಲ್ಲಿನಲ್ಲೂ ಜುಟ್ಟಿನ ಲಾರ್ಕ್ ಓಡಾಡುತ್ತದೆ. ಊರಿನ ಹೊರಗೆ ಮರಳಿಗೆ ಹೋದರೆ ಕಪ್ಪುನೆತ್ತಿಯ ನೆಲಗುಬ್ಬಿ, ನಿಮ್ಮ ಬೂದುನೆತ್ತಿಯ ಸೋದರ ಸಂಬಂಧಿ. ಅದರ ಹೊಟ್ಟೆಯೂ ಕಪ್ಪು. ಮೊದಲ ಸಲ ಕಂಡಾಗ ಊರಿನ ಬಯಲೇ ಬಂದು ನಿಂತ ಹಾಗಾಗಿತ್ತು.

ಆದರೆ ಇಲ್ಲಿಯ ರಾಜ ಹೂಪೋ ಲಾರ್ಕ್. ಉದ್ದ ಕಾಲು, ಬಾಗಿದ ಕೊಕ್ಕು, ಹಾರಿದರೆ ರೆಕ್ಕೆಯಲ್ಲಿ ಕಪ್ಪುಬಿಳಿ ಪಟ್ಟೆ. ಒಂದೊಂದೇ ಸಿಳ್ಳೆ ಹಾಕುತ್ತ ನೆಟ್ಟಗೆ ಮೇಲೇರಿ, ತುದಿಯಲ್ಲಿ ಮಗುಚಿ ಸುರುಳಿಯಾಗಿ ಇಳಿಯುತ್ತದೆ. ಬೇಸಗೆಯಲ್ಲಿ 45 ಡಿಗ್ರಿ ದಾಟಿದಾಗ ಇವು ಏನು ಮಾಡುತ್ತವೆ ಎಂಬುದು ನನ್ನ ದೊಡ್ಡ ಪ್ರಶ್ನೆಯಾಗಿತ್ತು. ಇಲ್ಲಿ ಧಬ್ ಎಂಬ ಮುಳ್ಳುಬಾಲದ ದೊಡ್ಡ ಓತಿಯ ಬಿಲಗಳಿವೆ. ಮಧ್ಯಾಹ್ನ ಹಕ್ಕಿ ಆ ಬಿಲದೊಳಗೆ ನುಗ್ಗಿ ಕೂರುತ್ತದೆ! ಸೌದಿಯಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಬಿಸಿಲಲ್ಲಿ ನಿಂತರೆ ಉಸಿರಿನಲ್ಲಿ ಆವಿಯಾಗುವ ನೀರನ್ನು ಬಿಲ ಉಳಿಸಿಕೊಡುತ್ತದೆ.

ಪಾಠದ ಕೋಣೆ
ಇದಕ್ಕೆ ಒಂದು ಸೇರಿಸುತ್ತೇನೆ. ಮರಳುಗಾಡಿನ ಲಾರ್ಕ್‌ಗಳ ಒಡಲಿನ ಉರಿಯೇ ಕಡಿಮೆ, ಅಂದರೆ ವಿಶ್ರಾಂತಿಯಲ್ಲಿ ಕಡಿಮೆ ಶಕ್ತಿ, ಕಡಿಮೆ ನೀರು ಖರ್ಚು ಮಾಡುತ್ತವೆ. ಬಣ್ಣವೂ ನೆಲದ್ದೇ. ಮರಳಿನ ಮೇಲಿನ ಡೆಸರ್ಟ್ ಲಾರ್ಕ್ ಮಾಸಲು, ಜೋರ್ಡಾನಿನ ಕಪ್ಪು ಲಾವಾಕಲ್ಲಿನ ಮೇಲೆ ಅದೇ ಪ್ರಭೇದ ಕಡುಗಪ್ಪು ಛಾಯೆಯದು.

ಸಸೆಕ್ಸ್ ಬೆಟ್ಟ
ಎಷ್ಟು ಜಾಗ ಬಿಡಬೇಕು ಎಂಬ ಎರೆಹೊಲ ಅವರ ಪ್ರಶ್ನೆಗೆ ಇಂಗ್ಲೆಂಡಿನಿಂದ ಒಂದು ಉತ್ತರವಿದೆ. ನಾನು ಇಲ್ಲಿ ಸೌತ್ ಡೌನ್ಸ್ ಬೆಟ್ಟದ ಬದಿಗೆ ವಾಸವಾಗಿದ್ದೇನೆ. ಕವಿಗಳೆಲ್ಲ ಹಾಡಿದ ಈ ದೇಶದ ಸ್ಕೈಲಾರ್ಕ್ 1970ರ ದಶಕದಿಂದೀಚೆಗೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ. ಗುಂಡು ಹೊಡೆದದ್ದರಿಂದಲ್ಲ, ಬಿತ್ತನೆಯ ಕಾಲ ಬದಲಾದದ್ದರಿಂದ. ಮೊದಲು ಗೋಧಿ, ಬಾರ್ಲಿಯನ್ನು ವಸಂತದಲ್ಲಿ ಬಿತ್ತುತ್ತಿದ್ದರು. ಏಪ್ರಿಲ್, ಮೇ ತಿಂಗಳಲ್ಲಿ ಪೈರು ಮೊಣಕಾಲಿಗಿಂತ ಕೆಳಗೆ, ನಡುವೆ ಓಡಾಡಲು ಜಾಗ. ಈಗ ಶರತ್ಕಾಲದಲ್ಲೇ ಬಿತ್ತುತ್ತಾರೆ. ಹಕ್ಕಿ ಎರಡನೇ ಸಲ ಗೂಡು ಕಟ್ಟುವ ಹೊತ್ತಿಗೆ ಪೈರು ದಟ್ಟವಾಗಿ ಬೆಳೆದು ನೆಲವೇ ಸಿಗುವುದಿಲ್ಲ. ಚಳಿಗಾಲದಲ್ಲಿ ಕಾಳು ಆರಿಸಿಕೊಳ್ಳುತ್ತಿದ್ದ ಕೂಳೆ ಹೊಲವೂ ಹೋಯಿತು.

ಪರಿಹಾರ ಕೇಳಿದರೆ ಸರಳ ಎನಿಸುತ್ತದೆ. ಬಿತ್ತುವಾಗ ಹೆಕ್ಟೇರಿಗೆ ಎರಡು ಕಡೆ ಯಂತ್ರವನ್ನು ಎತ್ತಿಬಿಡುತ್ತಾರೆ. ಒಂದೊಂದು ತುಂಡು 16ರಿಂದ 24 ಚದರ ಮೀಟರ್, ನಮ್ಮ ಒಂದು ಸಣ್ಣ ಕೋಣೆಯಷ್ಟು. ಹಕ್ಕಿ ಗೂಡು ಕಟ್ಟುವುದು ಪೈರಿನಲ್ಲೇ, ಈ ಬೋಳು ತುಂಡಿಗೆ ಮೇವಿಗಾಗಿ ಇಳಿಯುತ್ತದೆ. ಅಷ್ಟಕ್ಕೇ ಮರಿಗಳ ಸಂಖ್ಯೆ ಏರಿದೆ. ಎರೆಹೊಲ ಅವರು ಬಿಟ್ಟಿರುವ ಎರಡು ಮಾರು ಜಾಗ ಚಿಕ್ಕದಲ್ಲ.

ಪಾವಗಡದವ
ಎಲ್ಲ ಸರಿ. ಆದರೆ ಹುಲ್ಲುಗಾವಲು, ಪಾಳುಭೂಮಿ ಉಳಿಸಿ ಎನ್ನುವವರು ಅಲ್ಲಿ ಬದುಕುವವರನ್ನೂ ಕೇಳಬೇಕು. ನಮ್ಮಲ್ಲಿ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಹೋಗಿದೆ, 2,050 ಮೆಗಾವಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಆರಂಭವಾಯಿತು. ಮಳೆ ಕೈಕೊಟ್ಟ ವರ್ಷ ಆ ಹಣವೇ ನಮ್ಮ ಮನೆಯ ಅನ್ನ. ಶೇಂಗಾ ಬಿತ್ತಿ ಬೀಜವೂ ವಾಪಸ್ ಬಾರದ ವರ್ಷಗಳನ್ನು ನೋಡಿದವನು ನಾನು.

ಬಯಲಕ್ಕಿ
ನಿಮ್ಮ ಅನ್ನದ ಮೇಲೆ ನನಗೆ ಯಾವ ಹಕ್ಕೂ ಇಲ್ಲ ಅಣ್ಣ. ಸಿಟ್ಟು ಇರುವುದು ಒಂದು ಪದದ ಮೇಲೆ. ದೇಶದ ನಕ್ಷೆಯಲ್ಲಿ ಹುಲ್ಲುಗಾವಲನ್ನೂ ಕುರುಚಲು ಬಯಲನ್ನೂ ಪಾಳುಭೂಮಿ ಎಂದು ಬರೆದಿದ್ದಾರೆ. ಹಾಗೆ ಬರೆದ ಮೇಲೆ ಅದಕ್ಕೆ ಏನು ಮಾಡಿದರೂ ಅಭಿವೃದ್ಧಿಯೇ. ಗಿಡ ನೆಟ್ಟರೂ ಅಷ್ಟೇ! ಹುಲ್ಲುಬಯಲಿನಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟು ಹಸಿರು ಮಾಡಿದೆವು ಎನ್ನುತ್ತಾರೆ. ನೆಲಗುಬ್ಬಿಗೆ ಮರ ಬೇಡ. ನೆರಳು ಬೇಡ. ಅದಕ್ಕೆ ಬೇಕಾದದ್ದು ನಾಲ್ಕೂ ಕಡೆ ಕಾಣುವ ಬಯಲು. ಕಾಡು ಕಡಿದರೆ ಊರೆಲ್ಲ ಕೇಳಿಸುತ್ತದೆ, ಬಯಲಿನಲ್ಲಿ ಕಾಡು ನೆಟ್ಟರೆ ಯಾರಿಗೂ ಕೇಳಿಸುವುದಿಲ್ಲ.

ಪಾವಗಡದವ
ನಕ್ಷೆಯ ಮಾತು ಒಪ್ಪುತ್ತೇನೆ. ಆದರೆ ಬಯಲು ಉಳಿಸಿದವನಿಗೂ ಎಕರೆಗೆ ಇಷ್ಟು ಎಂದು ಕೊಡುವ ವ್ಯವಸ್ಥೆ ಎಲ್ಲಿದೆ ಹೇಳಿ. ಇಂಗ್ಲೆಂಡಿನ ರೈತ ಯಂತ್ರ ಎತ್ತಿದ್ದಕ್ಕೆ ಹಣ ಸಿಗುತ್ತದೋ ಇಲ್ಲವೋ?

ಸಸೆಕ್ಸ್ ಬೆಟ್ಟ
ಸಿಗುತ್ತದೆ. ಸರ್ಕಾರದ ಕೃಷಿ ಪರಿಸರ ಯೋಜನೆಗಳಲ್ಲಿ ಇದಕ್ಕೆ ಹಣವಿದೆ. ನಿಮ್ಮ ಪ್ರಶ್ನೆ ನ್ಯಾಯವಾದದ್ದು.

ಕುರಿಮಂದೆ
ಬಯಲಿಗೆ ಹಿಂದೆ ಒಡೆಯನಿದ್ದ. ನಮ್ಮ ಕಡೆಯ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ದನಗಳಿಗಾಗಿ ಮೀಸಲಾಗಿದ್ದವು. ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಉಳಲಿಲ್ಲ, ನೆಡಲಿಲ್ಲ, ದನ ಕುರಿ ಮೇದವು. ಮೇದು ಗಿಡ್ಡವಾದ ಹುಲ್ಲಿನಲ್ಲಿ ನೆಲಗುಬ್ಬಿ, ಚಳಿಗಾಲದಲ್ಲಿ ಸೆಳೆವ ಎಂಬ ಬೇಟೆಹಕ್ಕಿ, ಅದರ ನಡುವೆ ತೋಳ. ಹಳಬರು ಏನೂ ಮಾಡದೆ ಬಿಟ್ಟ ಜಾಗ ಎನ್ನುವುದು ತಪ್ಪು. ಮೇಯಿಸುವುದೂ ಒಂದು ಆರೈಕೆ.

ಕ್ಯಾಮೆರಾ ಕಣ್ಣು
ಅತಿಯಾಗಿ ಮೇಯಿಸಿದರೆ ಮೊಟ್ಟೆ ತುಳಿದು ಹೋಗುತ್ತದೆ. ಒಂದು ಮಂದೆ ಹಾದ ಮೇಲೆ ಗೂಡು ಚಪ್ಪಟೆಯಾದದ್ದನ್ನು ನಾನೇ ನೋಡಿದ್ದೇನೆ.

ಕುರಿಮಂದೆ
ಅದು ನಿಜ. ಇದ್ದ ಕಾವಲು ಅರ್ಧವಾದರೆ ಇದ್ದ ಕುರಿಗಳೆಲ್ಲ ಉಳಿದರ್ಧಕ್ಕೆ ಬರುತ್ತವೆ.

ನಿರ್ವಾಹಕ
ಚರ್ಚೆ ಚೆನ್ನಾಗಿದೆ. ಕಾವಲು ಮತ್ತು ಸೌರ ಗುತ್ತಿಗೆಯ ಬಗ್ಗೆ ಬೇರೆ ಎಳೆ ತೆರೆಯಿರಿ, ನಾನೂ ಬರುತ್ತೇನೆ. ಎರೆಹೊಲ ಅವರೇ, ಗೂಡು ಹೇಗಿದೆ?

ಎರೆಹೊಲ
ಹನ್ನೊಂದು ದಿನವಾಯಿತು. ಮೊದಲ ವಾರ ಮನೆಯಲ್ಲಿ ಸ್ವಲ್ಪ ಮಾತು ನಡೆಯಿತು. ಎಡೆ ಹೊಡೆಯದ ತುಂಡಿನಲ್ಲಿ ಕಸ ಬೆಳೆದು ಬೀಜ ಉದುರಿದರೆ ಮುಂದಿನ ವರ್ಷ ಇಡೀ ಹೊಲಕ್ಕೆ ಕಾಟ ಎಂಬುದು ತಂದೆಯವರ ಮಾತು, ಅದರಲ್ಲಿ ತಪ್ಪಿಲ್ಲ. ಅಂಚಿನವರೆಗೂ ತಾಯಿ ಕೈಯಿಂದ ಕಸ ಕಿತ್ತು ಕೊಟ್ಟರು. ನಡುವೆ ಎರಡು ಮಾರು ಹಾಗೇ ಇದೆ.

ಕಾವಿಗೆ ಎರಡೂ ಕೂರುತ್ತವೆ ಎಂದು ಕಾಣುತ್ತದೆ, ಒಂದು ಸಲ ಕಪ್ಪು ಹೊಟ್ಟೆಯದೂ ಗೂಡಿನಿಂದ ಎದ್ದದ್ದು ನೋಡಿದೆ. ನಿನ್ನೆ ಒಂದು ನಾಯಿ ಬದು ಹಿಡಿದು ಮೂಸುತ್ತ ಬಂದಾಗ ಎದೆ ಧಸಕ್ ಎಂದಿತು, ಓಡಿಸಿದೆ.

ಬಯಲಕ್ಕಿ
ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಮರಿ ಹೊರಬಂದ ಮೇಲೆ ಔಷಧ ಸಿಂಪಡಿಸುವುದಿದ್ದರೆ ಆ ಭಾಗಕ್ಕೆ ಬೇಡ. ದೊಡ್ಡವು ಕಾಳು ತಿಂದು ಬದುಕಿದರೂ ಮರಿಗೆ ಹುಳವೇ ಬೇಕು.

ಒಂಬತ್ತನೇ ತರಗತಿ
ನಾನು ವಿದ್ಯಾರ್ಥಿನಿ. ಹಿಮದಲ್ಲಿ ಒಂದು ಲಾರ್ಕ್ ಸಿಕ್ಕಿದೆ ಎಂದು ನಮ್ಮ ಟೀಚರ್ ಹೇಳಿದರು. ನಿಜವೇ?

ಪಾಠದ ಕೋಣೆ
ನಿಜ ಪುಟ್ಟಿ. 2018ರಲ್ಲಿ ಸೈಬೀರಿಯಾದ ಹೆಪ್ಪುನೆಲದಲ್ಲಿ, ಆನೆಯಂಥ ಮ್ಯಾಮತ್ ಪ್ರಾಣಿಗಳ ದಂತ ಹುಡುಕುವವರಿಗೆ ಸಿಕ್ಕಿತು. ರೆಕ್ಕೆ, ಉಗುರು, ಗರಿ ಎಲ್ಲ ನಿನ್ನೆ ಸತ್ತಂತಿದೆ. ಸುಮಾರು 46,000 ವರ್ಷ ಹಳೆಯದು. ವಂಶವಾಹಿ ನೋಡಿದಾಗ ಅದು ಕೊಂಬುಗರಿಯ ಲಾರ್ಕ್‌ನ ಹೆಣ್ಣು ಎಂದು ತಿಳಿಯಿತು. ಆಗ ಅಲ್ಲಿ ಮೈಲುಗಟ್ಟಲೆ ಹುಲ್ಲುಬಯಲಿತ್ತು. ಇಂದು ಉತ್ತರದ ತುಂಡ್ರಾದಲ್ಲಿ ಒಂದು ಉಪಜಾತಿ, ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಇನ್ನೊಂದು. ಈ ಹಕ್ಕಿಯ ಬಳಗ ಅವೆರಡಕ್ಕೂ ಪೂರ್ವಜರಿರಬಹುದು ಎಂದು ವಿಜ್ಞಾನಿಗಳು ಬರೆದಿದ್ದಾರೆ.

ಒಂಬತ್ತನೇ ತರಗತಿ
ಧನ್ಯವಾದ ಮೇಡಂ. ನಾಳೆ ತರಗತಿಯಲ್ಲಿ ಹೇಳುತ್ತೇನೆ.

ಎರೆಹೊಲ
ಇವತ್ತು ಬರೆಯಲೇಬೇಕು ಎಂದು ಹೊಲದಿಂದಲೇ ಬರೆಯುತ್ತಿದ್ದೇನೆ. ಎರಡು ಮೊಟ್ಟೆಯೂ ಒಡೆದು ಮರಿಯಾಗಿದ್ದವು. ಬೆಳಿಗ್ಗೆ ನೋಡಿದರೆ ಗೂಡು ಖಾಲಿ. ಮುಂಗುಸಿ ಬಂದಿರಬೇಕು ಎಂದು ಅಲ್ಲೇ ಕುಳಿತುಬಿಟ್ಟೆ. ಆದರೆ ಗರಿ, ರಕ್ತ ಏನೂ ಇರಲಿಲ್ಲ.

ಪಾಠದ ಕೋಣೆ
ಹೆದರಬೇಡಿ! ಲಾರ್ಕ್ ಮರಿಗಳು ಹಾರಲು ಬರುವ ಮೊದಲೇ ಗೂಡು ಬಿಡುತ್ತವೆ. ಯೂರೋಪಿನ ಸ್ಕೈಲಾರ್ಕ್ ಮರಿ ಎಂಟು ಹತ್ತು ದಿನಕ್ಕೆ ನಡೆದು ಹೊರಡುತ್ತದೆ, ಹಾರುವುದು ಇನ್ನೂ ಒಂದು ವಾರದ ಮೇಲೆ. ನೆಲದ ಗೂಡಿನಲ್ಲಿ ಒಟ್ಟಿಗೆ ಕುಳಿತಿರುವುದಕ್ಕಿಂತ ಬೇರೆ ಬೇರೆ ಕಡೆ ಅಡಗುವುದೇ ಕ್ಷೇಮ. ತಾಯಿತಂದೆ ಕೊಕ್ಕಿನಲ್ಲಿ ಹುಳ ಹಿಡಿದು ಎಲ್ಲಿ ಇಳಿಯುತ್ತವೆ ನೋಡಿ.

ಎರೆಹೊಲ
ಸಿಕ್ಕಿತು! ಒಂದು ಹೆಸರಿನ ಗಿಡದ ಬುಡದಲ್ಲಿ, ಮೈಮೇಲೆ ಹುರುಪೆಯಂಥ ಗೆರೆಗಳು, ಮಣ್ಣಿನಲ್ಲಿ ಮಣ್ಣಾಗಿ ಕುಳಿತಿದೆ. ಎರಡು ಹೆಜ್ಜೆ ಆಚೆಗೆ ನಿಂತಿದ್ದರೂ ಕಣ್ಣು ಮಿಟುಕಿಸದಿದ್ದರೆ ತಿಳಿಯುತ್ತಿರಲಿಲ್ಲ. ಇನ್ನೊಂದು ಮೂರನೇ ಸಾಲಿನಲ್ಲಿದೆ. ಕಪ್ಪು ಹೊಟ್ಟೆಯದು ಎರಡಕ್ಕೂ ಹುಳ ತರುತ್ತಿದೆ.

ತಂದೆಯವರು ಬಂದು ನೋಡಿದರು. ಮಾತಾಡಲಿಲ್ಲ. ಸಂಜೆ ಕೊನೆಯ ಎಡೆಗೆ ಎತ್ತು ಹೂಡುವ ಹೊತ್ತಿಗೆ ಮಾತ್ರ "ಆ ನಾಲ್ಕು ಸಾಲು ಇರಲಿ, ಶನಿವಾರ ಕೈಯಿಂದ ಕೀಳೋಣ" ಎಂದರು.

ಒಂದು ಪ್ರಶ್ನೆ ಉಳಿದಿದೆ. ಹಿಂಗಾರಿ ಬಿತ್ತಿದ ಮೇಲೆ ಚಳಿಗಾಲದಲ್ಲಿ ನೂರಾರು ಕಂದು ಹಕ್ಕಿಗಳು ಹಿಂಡಾಗಿ ಬಂದು ಬಿಟ್ಟ ಹೊಲಕ್ಕೆ ಇಳಿಯುತ್ತವೆ, ಒಟ್ಟಿಗೆ ಏಳುತ್ತವೆ, ಒಟ್ಟಿಗೆ ತಿರುಗುತ್ತವೆ. ಅವೂ ಇದೇ ಕುಟುಂಬವೇ?

ಬಯಲಕ್ಕಿ
ಗಿಡ್ಡಬೆರಳಿನ ಲಾರ್ಕ್ ಇರಬಹುದು, ದೂರದ ಮಧ್ಯ ಏಷ್ಯಾದ ಕಡೆಯಿಂದ ಬರುವ ಅತಿಥಿ. ಡಿಸೆಂಬರ್‌ನಲ್ಲಿ ಬದುವಿನ ಮೇಲೆ ಕುಳಿತು ನೋಡಿ ಬರೆಯಿರಿ: ನಡೆಯುತ್ತವೋ, ಕುಪ್ಪಳಿಸುತ್ತವೋ, ಕತ್ತಿನ ಪಕ್ಕದಲ್ಲಿ ಕಪ್ಪು ಮಚ್ಚೆ ಇದೆಯೋ. ಈ ಎಳೆಯನ್ನು ಅಲ್ಲಿಯವರೆಗೆ ಮುಚ್ಚಬೇಡಿ, ನಿರ್ವಾಹಕರೇ.

ನಿರ್ವಾಹಕ
ಮುಚ್ಚುವುದಿಲ್ಲ.